ಹೂ ಉಂಟು, ಕೂತವ ಎಲ್ಲಿ?

"ನಮ್ಮ ಅನಂತಪುರದಲ್ಲಿ ಕೂತಿದ್ದಾನೆ. ತಿರುವನಂತಪುರದಲ್ಲಿ ಮಲಗಿದ್ದಾನೆ. ದೆಹಲಿಯಲ್ಲಿ ಎದ್ದು ಹೋಗಿದ್ದಾನೆ."

ದೆಹಲಿಯ ಲೋಟಸ್ ಟೆಂಪಲ್ ಹೇಗಿತ್ತು ಎಂದು ಯಾರು ಕೇಳಿದರೂ ನನ್ನ ದೊಡ್ಡಮ್ಮ ಕೊಡುವ ಉತ್ತರ ಇಷ್ಟೇ. ಹೇಳಿ ತಾನೇ ಮೊದಲು ನಗುತ್ತಾಳೆ. ಅಲ್ಲಿ ಕಣ್ಣೊರೆಸಿಕೊಂಡದ್ದನ್ನು ಮಾತ್ರ ಹೇಳುವುದಿಲ್ಲ.

ಕಾಸರಗೋಡಿನ ಕುಂಬಳೆಯಿಂದ ಬದಿಯಡ್ಕದ ದಾರಿ ಹಿಡಿದು ನಾಯ್ಕಾಪಿನಲ್ಲಿ ತಿರುಗಿ ಗುಡ್ಡ ಹತ್ತಿದರೆ ಅನಂತಪುರ. ಸುತ್ತ ಮುರಕಲ್ಲಿನ ಬೋಳು ಪಾರೆ, ನಡುವೆ ಕೆರೆ, ಕೆರೆಯ ನಡುವೆ ಗರ್ಭಗುಡಿ. ಅಲ್ಲಿ ಅನಂತನ ಹೆಡೆಯಡಿಯಲ್ಲಿ ವಿಷ್ಣು ಮಲಗಿಲ್ಲ, ಕೂತಿದ್ದಾನೆ. ವಿಲ್ವಮಂಗಲ ಸ್ವಾಮಿಗಳ ಪೂಜೆಗೆ ನೆರವಾಗುತ್ತಿದ್ದ ತುಂಟ ಹುಡುಗನನ್ನು ಅವರು ಒಂದು ದಿನ ಎಡಗೈಯಲ್ಲಿ ದೂಡಿದರಂತೆ. ಹುಡುಗ ಕೆರೆಯ ಮೂಲೆಯ ಗುಹೆಯೊಳಗೆ ಮಾಯವಾಗಿ, ತಿರುವನಂತಪುರದಲ್ಲಿ ಅನಂತಶಯನನಾಗಿ ಕಂಡನಂತೆ. ಆ ಗುಹೆಯ ಬಾಯಿಯನ್ನು ಈಗಲೂ ತೋರಿಸುತ್ತಾರೆ. ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರ್ 9ರಂದು ತೀರಿಕೊಂಡಾಗ ದೊಡ್ಡಮ್ಮ ತಲೆಗೆ ಮಿಂದೇ ಅಡುಗೆಮನೆಗೆ ಹೋದದ್ದು, ನೆಂಟರು ಹೋದಾಗ ಮಾಡುವ ಹಾಗೆ. ಇಂಥವಳನ್ನು ನಾನು ಲೋಟಸ್ ಟೆಂಪಲ್‌ಗೆ, ಎಂದರೆ ಬಹಾಯಿ ಧರ್ಮದವರ ಪ್ರಾರ್ಥನಾ ಮಂದಿರಕ್ಕೆ ಕರೆದುಕೊಂಡು ಹೋದದ್ದು.

ಹೋದದ್ದಕ್ಕೆ ಕಾರಣ ಒಂದು ಹರಕೆ. ದೆಹಲಿಯಲ್ಲಿರುವ ಮಗಳ ಮಗನಿಗೆ ಮೂರು ದಾಟಿದರೂ ಮಾತು ಬಂದಿರಲಿಲ್ಲ. ವೈದ್ಯರಿಗೆ ತೋರಿಸುವುದು ಒಂದು ಕಡೆ ನಡೆದೇ ಇತ್ತು. ದೊಡ್ಡಮ್ಮ ಅನಂತಪುರದ ಕೆರೆಯ ಬದಿ ನಿಂತು, ಮಗುವಿನ ಬಾಯಿ ಬಿಟ್ಟರೆ ಕಾಶಿಗೆ ಹೋಗುತ್ತೇನೆ, ದಾರಿಯ ಒಂದೊಂದು ಗುಡಿಯಲ್ಲೂ ಮುಡಿಪು ಹಾಕುತ್ತೇನೆ ಎಂದು ಹೇಳಿಕೊಂಡಳು. ನಾಲ್ಕು ತುಂಬುವ ಹೊತ್ತಿಗೆ ಮಗು ಮಾತಾಡಿತು. ಆಮೇಲೆ ನಿಲ್ಲಿಸಲೇ ಇಲ್ಲ, ಅದು ಬೇರೆ ಮಾತು. ಅರಸಿನದ ನೀರಲ್ಲಿ ಅದ್ದಿ ಒಣಗಿಸಿದ ಬಟ್ಟೆಯ ತುಂಡಿಗೆ ಒಂದೊಂದು ರೂಪಾಯಿ ನಾಣ್ಯ ಕಟ್ಟಿ, ಹನ್ನೊಂದು ಗಂಟುಗಳನ್ನು ಚೀಲಕ್ಕೆ ಹಾಕಿಕೊಂಡು, ಮಾರ್ಚ್ ತಿಂಗಳ ಕೊನೆಗೆ ಕಾಸರಗೋಡಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದೆವು.

ಕಾಶಿ ಮುಗಿಸಿ ದೆಹಲಿಗೆ ಬರುವಾಗ ಉಳಿದದ್ದು ಎರಡು ಗಂಟು. ಬೆಳಿಗ್ಗೆ ಕಾಲ್ಕಾಜಿಯ ದೇವಿಯ ಗುಡಿಯಲ್ಲಿ ನೂಕುನುಗ್ಗಲಿನ ನಡುವೆ ಒಂದು ಹೋಯಿತು. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಬಿಳಿ ತಾವರೆ. "ಅದು ಯಾವ ದೇವರದ್ದು?" ಎಂದು ಕೇಳಿದಳು. ಎಲ್ಲರದ್ದು ಎಂದೆ. "ಹಾಗಾದರೆ ಕೊನೆಯದ್ದು ಅಲ್ಲಿಗೆ."

ದೂರದಿಂದ ನೋಡುವಾಗ ಅದು ಅರ್ಧ ಅರಳಿದ ಹೂವೇ ಸರಿ. ಹತ್ತಿರ ಹೋದ ಹಾಗೆ ಎಸಳುಗಳ ಲೆಕ್ಕ ಸಿಗುತ್ತದೆ. ಒಂದೊಂದು ಸಾಲಿಗೆ ಒಂಬತ್ತರಂತೆ ಮೂರು ಸಾಲು. ಹೊರಗಿನವು ಹೊರಕ್ಕೆ ಬಾಗಿ ಒಂಬತ್ತು ಬಾಗಿಲುಗಳಿಗೆ ಕಮಾನಾಗಿವೆ, ನಡುವಿನವು ಸುತ್ತಿನ ಕೋಣೆಗಳಿಗೆ ಮಾಡು, ಒಳಗಿನವು ಮೊಗ್ಗಿನ ಹಾಗೆ ಮೇಲಕ್ಕೆ ಮುಚ್ಚಿಕೊಳ್ಳುತ್ತವೆ. ಒಟ್ಟು 27. "ನಕ್ಷತ್ರದಷ್ಟು" ಎಂದಳು ದೊಡ್ಡಮ್ಮ. ಬಹಾಯಿಗಳ ಲೆಕ್ಕ ಬೇರೆ. ಅರಬಿ ಅಕ್ಷರಗಳಿಗೆ ಬೆಲೆ ಕೊಟ್ಟು ಕೂಡಿಸಿದರೆ 'ಬಹಾ' ಎಂಬ ಪದ ಒಂಬತ್ತಾಗುತ್ತದೆ, ಬಹಾಯಿಗಳ ಪ್ರಾರ್ಥನಾ ಮಂದಿರಗಳು ಯಾವ ದೇಶದಲ್ಲಿದ್ದರೂ ಒಂಬತ್ತು ಬದಿಯವೇ. ಆದರೆ ದೊಡ್ಡಮ್ಮನ ನಕ್ಷತ್ರವನ್ನು ತಪ್ಪೆನ್ನಲು ನನಗೆ ಮನಸ್ಸಾಗಲಿಲ್ಲ.

ಇದನ್ನು ರೂಪಿಸಿದವರು ಇರಾನಿನಲ್ಲಿ ಹುಟ್ಟಿದ ವಾಸ್ತುಶಿಲ್ಪಿ ಫರಿಬೋರ್ಜ್ ಸಾಹ್ಬಾ. 1976ರಲ್ಲಿ ಹಿಡಿದ ಕೆಲಸ ಮುಗಿದದ್ದು ಹತ್ತು ವರ್ಷಕ್ಕೆ. 1986ರ ಡಿಸೆಂಬರ್ 24ರಂದು ಸಮರ್ಪಣೆ, ಮರು ವಾರ 1987ರ ಜನವರಿ 1ರಿಂದ ಎಲ್ಲರಿಗೂ ಪ್ರವೇಶ. ಎಸಳುಗಳಿಗೆ ಹೊದಿಸಿದ ಅಮೃತಶಿಲೆ ಗ್ರೀಸಿನ ಪೆಂಟೆಲಿ ಬೆಟ್ಟದ್ದು, ಅಥೆನ್ಸಿನ ಪಾರ್ಥೆನಾನ್ ಕಟ್ಟಿದ್ದೂ ಅದೇ ಬೆಟ್ಟದ ಕಲ್ಲಲ್ಲಿ. ಅದರಡಿಯಲ್ಲಿರುವುದು ಬಿಳಿ ಕಾಂಕ್ರೀಟ್. ಒಂದು ಎಸಳಿನ ಎರಕ ಶುರು ಮಾಡಿದರೆ ನಡುವೆ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಜೋಡಣೆಯ ಗೆರೆ ಬೀಳುತ್ತದೆ. ಹಾಗಾಗಿ ಸುಮಾರು ಎರಡು ಹಗಲು ಎರಡು ರಾತ್ರಿ ಬಿಡದೆ ಸುರಿಯುತ್ತಿದ್ದರು. ಅದನ್ನು ಬುಟ್ಟಿಯಲ್ಲಿ ತುಂಬಿ ತಲೆಯ ಮೇಲಿಟ್ಟು ಅಟ್ಟಣಿಗೆ ಹತ್ತಿದವರು ಹೆಂಗಸರು. ಇದನ್ನು ಹೇಳಿದಾಗ ಮಾತ್ರ ದೊಡ್ಡಮ್ಮ ನಿಂತು ತಲೆಯೆತ್ತಿ ಸರಿಯಾಗಿ ನೋಡಿದಳು. ನಮ್ಮ ಮನೆ ಕಟ್ಟುವಾಗ ಕೆಂಪುಕಲ್ಲು ಹೊತ್ತವಳು ಆಕೆ. "34 ಮೀಟರ್ ಎತ್ತರ ಅಂದರೆ ಎಷ್ಟು ತೆಂಗಿನಮರ?" ಎಂದು ಕೇಳಿದಳು. ಒಂದರ ಮೇಲೊಂದು ಎರಡು ಎಂದೆ.

ಹೂವಿನ ಬುಡದಲ್ಲಿ ಒಂಬತ್ತು ಕೊಳಗಳಿವೆ. ನೋಡುವವರಿಗೆ ಅವು ತಾವರೆಯ ಎಲೆ, ಕಟ್ಟಡಕ್ಕೆ ಅವು ಉಸಿರು. ನೀರ ಮೇಲಿಂದ ಬರುವ ತಂಪು ಗಾಳಿ ತಳದ ತೆರಪುಗಳಿಂದ ಒಳಹೊಕ್ಕು, ಬಿಸಿಯಾದ ಹಾಗೆ ಮೇಲೇರಿ, ತುದಿಯಿಂದ ಹೊರಗೆ ಹೋಗುತ್ತದೆ. ಮಧ್ಯಾಹ್ನದ ಬಿಸಿಲಿನಿಂದ ಒಳಗೆ ಕಾಲಿಟ್ಟಾಗ ನನಗೆ ನೆನಪಾದದ್ದು ಪೈವಳಿಕೆ ಬಾಯಾರು ಕಡೆಯ ಸುರಂಗಗಳು. ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಕೊರೆದು ನೀರು ತರುವ ನಮ್ಮ ಸುರಂಗದ ಬಾಯಲ್ಲಿ ಕೂತರೆ ಮುಖಕ್ಕೆ ತಾಗುವ ತಂಪು ಇದೇ. ಆ ಸುರಂಗಗಳನ್ನು ಪರ್ಷಿಯಾದ ಕನಾತ್‌ಗೆ ಹೋಲಿಸುವವರಿದ್ದಾರೆ. ಬಹಾಯಿ ಧರ್ಮ ಹುಟ್ಟಿದ್ದೂ ಆ ನೆಲದಲ್ಲೇ. 1852ರಲ್ಲಿ ಆ ಧರ್ಮದ ಸ್ಥಾಪಕ ಬಹಾವುಲ್ಲಾರನ್ನು ಸಂಕೋಲೆ ಹಾಕಿ ಕೂಡಿಹಾಕಿದ್ದು ಟೆಹರಾನಿನ ಒಂದು ಕತ್ತಲ ಹೊಂಡದಲ್ಲಿ. ಒಂದು ಕಾಲಕ್ಕೆ ಅದು ಸ್ನಾನಗೃಹದ ನೀರಿನ ತೊಟ್ಟಿಯಾಗಿತ್ತು. ತಮಗೆ ದೈವೀ ಕರೆ ಬಂದದ್ದು ಅಲ್ಲೇ ಎಂದು ಅವರು ಹೇಳಿಕೊಂಡಿದ್ದಾರೆ. ಆಮೇಲೆ ಬಾಗ್ದಾದ್, ಇಸ್ತಾಂಬುಲ್, ಎದಿರ್ನೆ, ಕೊನೆಗೆ ಅಕ್ಕಾ ಎಂದು ಬದುಕಿಡೀ ಗಡಿಪಾರು. ತೀರಿಕೊಂಡದ್ದು 1892ರಲ್ಲಿ. ಗುಹೆ ಹೊಕ್ಕವನ ಕಥೆ ಕೇಳಿ ಬೆಳೆದ ನಮಗೆ ಇದು ತೀರಾ ಅಪರಿಚಿತವೆನಿಸಲಿಲ್ಲ.

ಚಪ್ಪಲಿ ಬಿಟ್ಟು ಬಾಗಿಲ ಮುಂದೆ ಸಾಲು ನಿಂತೆವು. ಸ್ವಯಂಸೇವಕಿ ಹುಡುಗಿ ನಾಲ್ಕು ಮಾತು ಹೇಳಿದಳು: ಒಳಗೆ ಮೌನ, ಫೋಟೊ ಇಲ್ಲ, ನಿಮ್ಮ ದೇವರನ್ನು ನಿಮಗೆ ಬೇಕಾದ ಹಾಗೆ ನೆನೆಯಿರಿ.

ಒಳಗೆ ಏನೂ ಇಲ್ಲ. ನಾನು ಓದಿಕೊಂಡು ಹೋದವನು, ಆದರೂ ಇಷ್ಟು ಇಲ್ಲದಿರುತ್ತದೆ ಎಂದು ಎಣಿಸಿರಲಿಲ್ಲ. ಮೂರ್ತಿ ಇಲ್ಲ, ಪಟವಿಲ್ಲ, ದೀಪವಿಲ್ಲ, ಅರ್ಚಕರಿಲ್ಲ, ಪ್ರವಚನವಿಲ್ಲ, ಸುತ್ತು ಬರುವುದಕ್ಕೆ ನಡುವೆ ಒಂದು ಕಲ್ಲೂ ಇಲ್ಲ. 1300 ಜನ ಕೂರುವಷ್ಟು ಬೆಂಚು, ಮೇಲಿನಿಂದ ಇಳಿಯುವ ಬೆಳಕು. ದೊಡ್ಡಮ್ಮನ ಕೈಗಳನ್ನೇ ನೋಡುತ್ತಿದ್ದೆ. ಮುಗಿಯಲು ಎತ್ತಿದವು, ಯಾವ ಕಡೆಗೆಂದು ಗೊತ್ತಾಗದೆ ನಿಂತವು, ಮಡಿಲಿಗೆ ಇಳಿದವು. ನನ್ನ ಕಿವಿಗೆ ಬಗ್ಗಿ ಕೇಳಿದಳು: "ಹೂ ಉಂಟು, ಕೂತವ ಎಲ್ಲಿ?"

ಅಷ್ಟರಲ್ಲಿ ಪ್ರಾರ್ಥನೆ ಶುರುವಾಯಿತು. ದಿನಕ್ಕೆ ಕೆಲವು ಬಾರಿ, ಒಂದಷ್ಟು ನಿಮಿಷ, ಬೇರೆ ಬೇರೆ ಧರ್ಮಗಳ ಗ್ರಂಥಗಳಿಂದ ಓದುವುದು, ಹಾಡುವುದು. ವಾದ್ಯ ಕೂಡದು, ಮನುಷ್ಯನ ಕಂಠ ಮಾತ್ರ. ಒಬ್ಬಾಕೆ ನಮಗೆ ತಿಳಿಯದ ಭಾಷೆಯಲ್ಲಿ ರಾಗವೆತ್ತಿದಳು. ದನಿ ಗೋಡೆಗೆ ತಾಗಿ ಹಿಂದೆ ಬರುವ ಬದಲು ಮೇಲೆ ಹೋಗಿ ಎಲ್ಲೋ ತಿರುಗುತ್ತಿತ್ತು. ದೊಡ್ಡಮ್ಮ ಕಣ್ಣು ಮುಚ್ಚಿದ್ದಳು. ಹಾಡು ನಿಂತು, ಕೊನೆಯ ಎಳೆಯೂ ಕರಗಿ, ಇಡೀ ಮಂದಿರ ಉಸಿರು ಹಿಡಿದ ಆ ಗಳಿಗೆಯಲ್ಲಿ ನಮ್ಮ ಪಕ್ಕದಿಂದ ಸ್ಪಷ್ಟ ಕನ್ನಡದಲ್ಲಿ ಎದ್ದ ಮಾತು:

"ಅಜ್ಜೀ, ಉಚ್ಚೆ!"

ಆ ಕಟ್ಟಡದ ನಾದಗುಣವನ್ನು ನಾನು ಪೂರ್ತಿ ಅರಿತದ್ದು ಆಗ. 'ಉಚ್ಚೆ' 27 ಎಸಳುಗಳಿಗೂ ಹೋಗಿ ಬಂತು. ಸ್ವಯಂಸೇವಕಿ ನಗು ತಡೆದುಕೊಂಡು ತುಟಿಯ ಮೇಲೆ ಬೆರಳಿಟ್ಟು ಬಾಗಿಲು ತೋರಿಸಿದಳು. ದೊಡ್ಡಮ್ಮ ಮೊಮ್ಮಗನ ಬಾಯಿಗೆ ಅಂಗೈ ಮುಚ್ಚಿ ಎತ್ತಿಕೊಂಡು ಹೊರಗೆ ನಡೆದಳು.

ನಾನು ಹೋಗಿ ನೋಡುವಾಗ ಕೆಲಸ ಮುಗಿಸಿ ಕೊಳದ ಹತ್ತಿರ ಕೂತಿದ್ದಳು, ಸೆರಗು ಕಣ್ಣಿಗೆ ಒತ್ತಿಕೊಂಡು. ಅವಮಾನವಾಯಿತೋ ಏನೋ ಎಂದುಕೊಂಡೆ. "ಅದಲ್ಲ ಮಾರಾಯ" ಎಂದಳು. "ಈ ಬಾಯಿ ಬಿಡಲಿ ಎಂದು ಎಷ್ಟು ಕೇಳಿಕೊಂಡೆ. ಇವತ್ತು ನಾನೇ ಮುಚ್ಚಿದೆ." ಅತ್ತಳು, ನಕ್ಕಳು, ಎರಡೂ ಒಟ್ಟಿಗೆ. ಹುಡುಗ ಕೊಳದಲ್ಲಿ ಮೊಸಳೆ ಉಂಟಾ ಎಂದು ಕೇಳುತ್ತಿದ್ದ.

ಮುಡಿಪು ಇನ್ನೂ ಕೈಯಲ್ಲೇ ಇತ್ತು. ಕಾಣಿಕೆ ಡಬ್ಬಿ ಎಲ್ಲಿ ಎಂದು ನಾನು ಸ್ವಯಂಸೇವಕಿಯನ್ನು ಕೇಳಿದೆ. ಇಲ್ಲ ಎಂದಳು. ಬಹಾಯಿಗಳಲ್ಲದವರಿಂದ ಧರ್ಮದ ಕೆಲಸಕ್ಕೆ ಹಣ ತೆಗೆದುಕೊಳ್ಳುವುದಿಲ್ಲ, ಈ ಮಂದಿರ ನಂಬಿದವರು ಲೋಕಕ್ಕೆ ಕೊಟ್ಟ ಕಾಣಿಕೆ ಎಂದು ವಿವರಿಸಿದಳು. ದೊಡ್ಡಮ್ಮನಿಗೆ ಇದು ಮೂರ್ತಿ ಇಲ್ಲದ್ದಕ್ಕಿಂತ ದೊಡ್ಡ ಪೆಟ್ಟು. "ಒಂದು ರೂಪಾಯಿಯೂ ಬೇಡವಾ?" ಊರಿಗೆ ಬಂದ ಮೇಲೆ ಅವಳಿಗೆ ಇನ್ನೊಂದು ಸಂಗತಿ ಹೇಳಿದೆ. ಆ ಜಾಗ ಕೊಳ್ಳಲು ಹಣದ ದೊಡ್ಡ ಪಾಲು ಬಂದದ್ದು ಹೈದರಾಬಾದಿನ ಅರ್ದಿಶಿರ್ ರುಸ್ತಂಪುರ್ ಎಂಬ ಬಹಾಯಿಯಿಂದ. ಬದುಕಿನ ಉಳಿತಾಯವನ್ನೆಲ್ಲ ಅದಕ್ಕೆಂದೇ ಬಿಟ್ಟುಹೋದವರು. 1953ರ ಮಾತು, ಹೂವಿನ ನಕ್ಷೆ ಯಾರ ತಲೆಯಲ್ಲೂ ಇಲ್ಲದ ಕಾಲ. "ಹಾಗಾದರೆ ಅವನದ್ದೇ ಮುಡಿಪು" ಎಂದಳು. "ಅದರ ಮೇಲೆ ಬೇರೆಯವರದ್ದು ಹಾಕುವುದು ಬೇಡ ಅಂತಿರಬೇಕು." ಸ್ವಯಂಸೇವಕಿಯ ವಿವರಣೆಗಿಂತ ನನಗೆ ಇದು ಹೆಚ್ಚು ಹಿಡಿಸಿತು.

ಬಹಾಯಿಗಳ ಮಾತಿನಲ್ಲಿ ಕೃಷ್ಣ, ಬುದ್ಧ, ಜರತುಷ್ಟ್ರ, ಯೇಸು, ಮಹಮ್ಮದರು ಒಬ್ಬನೇ ದೇವರು ಕಾಲಕಾಲಕ್ಕೆ ಕಳಿಸಿದವರು, ಆ ಸಾಲಿನಲ್ಲಿ ಈ ಕಾಲಕ್ಕೆ ಬಂದವರು ಬಹಾವುಲ್ಲಾ ಮತ್ತು ಅವರಿಗಿಂತ ಮೊದಲು ಬಂದ ಬಾಬ್. ಯುಗಯುಗಕ್ಕೂ ಬರುತ್ತೇನೆಂದ ಕೃಷ್ಣನನ್ನು ನಂಬುವವರಿಗೆ ಇದು ಸುಲಭವಾಗಿ ಒಪ್ಪಿಗೆಯಾದೀತು ಎಂದು ತೋರುತ್ತದೆ. ಅಷ್ಟು ಸುಲಭವಲ್ಲ. ಅವತಾರವೆಂದರೆ ದೇವರೇ ಇಳಿದು ಬರುವುದು. ಅವರು ಅದನ್ನು ಒಪ್ಪುವುದಿಲ್ಲ. ಸೂರ್ಯ ಇಳಿಯುವುದಿಲ್ಲ, ಕನ್ನಡಿಯಲ್ಲಿ ಹೊಳೆಯುತ್ತಾನೆ, ಬಂದವರೆಲ್ಲ ಕನ್ನಡಿಗಳು ಎನ್ನುತ್ತಾರೆ. ಕೆರೆಗೆ ಬಂದು ಪೂಜೆಗೆ ನೆರವಾಗಿ ದೂಡಿಸಿಕೊಂಡು ಹೋದ ಹುಡುಗನನ್ನು ಕನ್ನಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ದೊಡ್ಡಮ್ಮನಿಗೆ ಮಾತ್ರ ಕನ್ನಡಿ ಸಲೀಸಾಗಿ ಹಿಡಿಸಿತು. "ಬಿಸು ಕಣಿಗೆ ಇಡುತ್ತೇವಲ್ಲ, ಅದರಲ್ಲಿ ಯಾರು ಕಾಣುವುದು?" ಎಂದು ನನ್ನನ್ನೇ ಕೇಳಿದಳು. ಬಿಸು ಹಬ್ಬದ ಬೆಳಿಗ್ಗೆ ಕಣ್ಣು ಬಿಟ್ಟೊಡನೆ ನೋಡಲು ಜೋಡಿಸಿಡುವುದೇ ಕಣಿ, ಅದರಲ್ಲಿ ಕನ್ನಡಿಯೂ ಇರುತ್ತದೆ.

ಎಲ್ಲ ಧರ್ಮ ಒಂದೇ ಎಂಬುದಕ್ಕೆ ನಮ್ಮ ಕಡೆಯ ದಾರಿ ಬೇರೆ. ಕುಂಬಳೆಯ ಆರಿಕ್ಕಾಡಿಯಲ್ಲಿ ಆಲಿ ಭೂತಕ್ಕೆ ಕೋಲ ಕಟ್ಟುತ್ತಾರೆ, ದೈವವಾದದ್ದು ಒಬ್ಬ ಮುಸಲ್ಮಾನ. ಅಲ್ಲಿ ಚೆಂಡೆ, ಬೆಂಕಿ, ಬೆವರು, ಜಗಳ, ಹರಕೆ ಎಲ್ಲ ಸೇರಿ ಒಂದಾಗುವುದು. ದೆಹಲಿಯಲ್ಲಿ ಎಲ್ಲವನ್ನೂ ಹೊರಗಿಟ್ಟು ಒಂದಾಗುವುದು. ನನಗೆ ಚೆಂಡೆಯೇ ಇಷ್ಟ. ಆದರೂ ಇನ್ನೊಮ್ಮೆ ದೆಹಲಿಗೆ ಹೋದರೆ ಒಬ್ಬನೇ ಹೋಗಿ ಆ ಬೆಂಚಿನಲ್ಲಿ ಅರ್ಧ ಗಂಟೆ ಕೂರಬೇಕೆಂದಿದ್ದೇನೆ.

ವಸಂತ ವಿಷುವದ ದಿನ ಬರುವ ಬಹಾಯಿಗಳ ಹೊಸ ವರ್ಷ ನಾವು ಹೋಗುವ ಕೆಲವೇ ದಿನ ಮೊದಲು ಕಳೆದಿತ್ತು, ಅದಕ್ಕೆ ಮುಂಚಿನ 19 ದಿನಗಳ ಉಪವಾಸವೂ. ನಮ್ಮ ಹೊಸ ವರ್ಷ ಬಿಸು, ಊರಿಗೆ ಮರಳಿ ವಾರ ಕಳೆಯುವಷ್ಟರಲ್ಲಿ ಬಂತು. ಕೊನೆಯ ಮುಡಿಪನ್ನು ಅನಂತಪುರದ ಹುಂಡಿಗೆ ಹಾಕಿದೆಯಾ ಎಂದು ಕೇಳಿದ್ದಕ್ಕೆ ದೊಡ್ಡಮ್ಮ, ಅದು ಆ ಗುಡಿಯ ಹೆಸರಲ್ಲಿ ಎತ್ತಿಟ್ಟದ್ದು, ಇಲ್ಲಿಗೆ ಹಾಕಲಿಕ್ಕಾಗುವುದಿಲ್ಲ ಎಂದಿದ್ದಳು.

ಬಿಸುವಿನ ದಿನ ಬೆಳಗಿನ ಜಾವ ಕಣ್ಣು ಮುಚ್ಚಿಸಿ ಕಣಿಯ ಮುಂದೆ ಕರೆದುಕೊಂಡು ಹೋದಳು. ಕಣ್ಣು ಬಿಟ್ಟೆ. ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ಕೊನ್ನೆ ಹೂ, ಕನ್ನಡಿ. ಕನ್ನಡಿಯ ಬುಡದಲ್ಲಿ ಅರಸಿನ ಬಟ್ಟೆಯ ಗಂಟು. ಬಿಚ್ಚಿರಲಿಲ್ಲ.