ಗೊಂಬೆ ಮೆಟ್ಟಿಲು: 12 ಮತ್ತು 18 ಎಂಎಂ ಕೊನೆಗೂ ಕೂಡಿಕೊಂಡವು

ಪಕ್ಕದ ಚೌಕಟ್ಟು ಕೊನೆಗೂ ನಿಂತಿತು. ಮೂರು ಭಾನುವಾರ ಹೋದವು, ನಾಲ್ಕು ಪಟ್ಟಿ ಹಾಳಾದವು. ಈಗ ಎತ್ತಿ ಅಲ್ಲಾಡಿಸಿದರೂ ಕಿರ್ ಅನ್ನುವುದಿಲ್ಲ. ಕೈಗಂಟಿದ ಹೊಟ್ಟು ತೊಳೆಯುವ ಮೊದಲೇ ಬರೆಯಲು ಕೂತಿದ್ದೇನೆ, ಅಷ್ಟು ಖುಷಿಯಾಗಿದೆ.

ದಸರಾ ಗೊಂಬೆ ಕೂರಿಸಲು ಐದು ಮೆಟ್ಟಿಲು. ಹಬ್ಬ ಮುಗಿದ ಮೇಲೆ ಬಿಚ್ಚಿ ಅಟ್ಟಕ್ಕೆ ಹಾಕಬೇಕು. ಮೆಟ್ಟಿಲ ಹಲಗೆಗಳು ಸುಮ್ನೆ ಕೂರುತ್ತವೆ. ಅಂಟು, ಸ್ಕ್ರೂ ಎಲ್ಲ ಎರಡು ಪಕ್ಕದ ಚೌಕಟ್ಟಿಗೆ ಮಾತ್ರ. ಭಾರ ಹೊರುವ ಪಟ್ಟಿ 18 ಎಂಎಂ, ನಡುವಿನ ಪ್ಲೈವುಡ್ ಹಲಗೆ 12. ಪೂರ್ತಿ 18 ಹಾಕಿದರೆ ಅಮ್ಮನಿಗೆ ಎತ್ತಲು ಆಗುವುದಿಲ್ಲ. ಹೊರಮುಖ ಮಾತ್ರ ಒಂದೇ ಸಮ ಇರಬೇಕು, ಅದಕ್ಕೆ ಬಣ್ಣ ಬರುತ್ತದೆ.

ತೊಂದರೆ ಶುರುವಾದದ್ದು ತೂತು ಯಾವುದರಲ್ಲಿ ಕೊರೆಯಬೇಕು ಅನ್ನುವಲ್ಲಿ. 12 ಎಂಎಂ ಹಲಗೆ ತೆಳು, ಅದರಲ್ಲಿ 9.5 ಎಂಎಂ ಬಿಟ್ ಇಳಿಸಿದರೆ ಏನು ಉಳಿಯುತ್ತದೆ ಅಂದುಕೊಂಡು ದಪ್ಪ ಪಟ್ಟಿಯಲ್ಲೇ ಪಾಕೆಟ್ (ಸ್ಕ್ರೂ ತಲೆ ಒಳಗೆ ಅಡಗುವ ಓರೆ ತೂತು) ಕೊರೆದೆ. ಬಿಟ್ಟನ್ನು ಓರೆಯಾಗಿ ನಡೆಸುವ ಜಿಗ್, ಅದು ಎಷ್ಟು ಆಳ ಇಳಿಯಬೇಕು ಅಂತ ತಡೆಯುವ ಕಾಲರ್ ಬಳೆ, ಎರಡನ್ನೂ 12 ಎಂಎಂ ದಪ್ಪಕ್ಕೆ ಇಟ್ಟೆ. ದಪ್ಪ ಬೇರೆ ಬೇರೆ ಇದ್ದರೆ ತೆಳುವಾದ್ದಕ್ಕೆ ಹೊಂದಿಸು ಅಂತ ನಾವೆಲ್ಲ ಕಲಿತಿದ್ದೇವಲ್ವಾ? ಮೊದಲ ಸ್ಕ್ರೂ ಬಿಗಿಯುತ್ತಲೇ ನಡುವಿನ ಹಲಗೆಯ ಒಳಮೈಯ ಪದರ ಹಪ್ಪಳದ ಹಾಗೆ ಎದ್ದು ಬಂತು. ಎರಡನೆಯದೂ ಅಷ್ಟೇ.

ಕಾಗದದ ಮೇಲೆ ನಿಜವಾದ ಅಳತೆಯಲ್ಲಿ ಬರೆದು ನೋಡಿದಾಗ ಅರ್ಥವಾಯಿತು. ಜಿಗ್ 12ಕ್ಕಿದ್ದರೆ ಸ್ಕ್ರೂ ಹೊರಬೀಳುವುದು ಕೊರೆದ ಮುಖದಿಂದ 6 ಎಂಎಂ ಒಳಗೆ. 18ರ ಪಟ್ಟಿಯಲ್ಲಿ ಅದು ಹೊರಮುಖದಿಂದ 12 ಎಂಎಂ ಎತ್ತರ. ಅಂದರೆ ಎದುರಿನ ಹಲಗೆ ಮುಗಿಯುವ ಅಂಚಿಗೇ ಸರಿಯಾಗಿ! ಜಿಗ್ಗನ್ನು 18ಕ್ಕೆ ಬದಲಿಸಿದೆ. ಆಗ ಸ್ಕ್ರೂ 9 ಎಂಎಂ ಎತ್ತರದಲ್ಲಿ ಹೋಗುತ್ತದೆ, ಅದರ ಮೇಲೆ ಉಳಿಯುವುದು 3 ಎಂಎಂ. ಪದರ ಮತ್ತೆ ಎದ್ದಿತು, ಸ್ವಲ್ಪ ಕಮ್ಮಿ ಅಷ್ಟೇ.

ಆ 3 ಎಂಎಂ ಕೂಡ ಇರಲಿಲ್ಲ ಅನ್ನುವುದೇ ನನ್ನ ಸಿಟ್ಟು. ಕ್ಯಾಲಿಪರ್ ಹಿಡಿದರೆ ಹಲಗೆ ಇದ್ದದ್ದು 11! ಪ್ಲೈವುಡ್‌ನ ಭಾರತೀಯ ಮಾನದಂಡ ಐಎಸ್ 303ರ ಪ್ರಕಾರ 6 ಎಂಎಂ ಮೇಲಿನ ಪ್ಲೈವುಡ್‌ಗೆ ಶೇಕಡಾ 5 ಹೆಚ್ಚು ಕಮ್ಮಿ ಇರಬಹುದು, ಅಂದರೆ 11.4ಕ್ಕಿಂತ ಕೆಳಗೆ ಇಳಿಯಬಾರದು. ಅಂಗಡಿಯವರನ್ನು ಕೇಳಿದರೆ "ಎಲ್ಲಾ ಕಡೆ ಹಂಗೇ ಸಾರ್, ಮೈಕಾ ಅಂಟಿಸಿದ್ರೆ ಸರಿ ಹೋಗುತ್ತೆ" ಅಂದರು. ಪಾಕೆಟ್ ಸ್ಕ್ರೂ ಕೇಳಿದಾಗ ಜಿಪ್ಸಂ ಹಲಗೆಗೆ ಹಾಕುವ ಸ್ಕ್ರೂ ಕೊಟ್ಟು "ಎರಡೂ ಒಂದೇ" ಅಂದವರೂ ಅವರೇ. ಒಂದೇ ಅಲ್ಲ. ಜಿಪ್ಸಂ ಸ್ಕ್ರೂವಿನ ತಲೆ ಕೆಳಗೆ ಕಹಳೆಯ ಬಾಯಿಯಂತೆ ಕಿರಿದಾಗುತ್ತದೆ. ಪಾಕೆಟ್‌ನ ಚಪ್ಪಟೆ ತಳದಲ್ಲಿ ಅದು ಕೂರುವುದಿಲ್ಲ, ಬೆಣೆಯ ಹಾಗೆ ಇಳಿದು ಪ್ಲೈಯನ್ನು ಸೀಳುತ್ತದೆ. ತಲೆಯ ಅಡಿ ಚಪ್ಪಟೆ ಇರುವ ವಾಷರ್ ಹೆಡ್ ಸ್ಕ್ರೂ ತರಿಸಲು ಎಂಟು ದಿನ ಕಾದೆ.

ಕೊನೆಗೆ ಹೆದರಿಕೆ ಬಿಟ್ಟು ತೆಳು ಹಲಗೆಯಲ್ಲೇ ಕೊರೆದೆ. ಜಿಗ್ 12, ಕಾಲರ್ 12, ದಪ್ಪ ಮರೆಯ (ಸುರುಳಿ ಗೀರಿನ) 25 ಎಂಎಂ ಸ್ಕ್ರೂ. ಈಗ ಸ್ಕ್ರೂ ತೆಳು ಹಲಗೆಯ ನಡುವಿನಿಂದ ಹೊರಟು ದಪ್ಪ ಪಟ್ಟಿಯ ಗಟ್ಟಿ ಜಾಗಕ್ಕೆ ಹೋಗುತ್ತದೆ. 15 ಡಿಗ್ರಿ ಓರೆಯಲ್ಲಿ ಹೊರಮುಖದ ಕಡೆಗೇ ಇಳಿಯುವುದರಿಂದ ತುದಿ ಆಚೆ ಇಣುಕೀತೇ ಅನ್ನುವ ಭಯವಿತ್ತು. ಚೂರು ತುಂಡಿನಲ್ಲಿ ಬಿಗಿದು, ಸ್ಕ್ರೂ ಬಿಚ್ಚಿ, ಅದೇ ತೂತಿನ ಮೇಲೆ ಗರಗಸ ಹಾಕಿ ನೋಡಿದೆ. ಹೊರಮುಖಕ್ಕೆ ಇನ್ನೂ ಸುಮಾರು 2 ಎಂಎಂ ಬಾಕಿ ಇತ್ತು.

ಇನ್ನೊಂದು ಕಾಟ ಕ್ಲಾಂಪ್‌ನದು. ಕೀಲಿನ ಮೇಲೆ ಕ್ಲಾಂಪ್ ಹಾಕಿದರೆ ಅದು ದಪ್ಪ ಪಟ್ಟಿಯನ್ನಷ್ಟೇ ಒತ್ತುತ್ತದೆ. ತೆಳು ಹಲಗೆ ಸಡಿಲವಾಗಿ ಉಳಿದು, ಬಿಗಿಯುವಾಗ ಮೇಲಕ್ಕೆ ಜಾರುತ್ತದೆ. 6 ಎಂಎಂ ಪ್ಲೈ ಚೂರನ್ನು ಅದರ ಮೇಲಿಟ್ಟೆ. ಕೂದಲೆಳೆಯಷ್ಟು ಕಮ್ಮಿ ಬಿತ್ತು. ಹಳೆಯ ಮದುವೆ ಕಾಗದದ ಎರಡು ತುಂಡು ಸೇರಿಸಿದ ಮೇಲೆ ಸಮವಾಯಿತು. ಉಗುರಿನಿಂದ ಹೊರಮುಖ ಸವರಿದರೆ ಎಲ್ಲೂ ತಡೆಯುವುದಿಲ್ಲ.

ಚೌಕಟ್ಟಿನ ಅಂಟು ಒಣಗುವವರೆಗೆ ಕಾಯುವಾಗ ತಲೆ ಅಳಗುಳಿ ಮಣೆಯ ಕಡೆ ಓಡಿತು. ಹಲಸಿನ ಮರದ ತುಂಡೊಂದು ಎರಡು ವರ್ಷದಿಂದ ಮಂಚದ ಕೆಳಗೆ ಒಣಗುತ್ತಿದೆ. ಸಾಲಿಗೆ ಏಳರಂತೆ 14 ಗುಳಿ, ನಡುವೆ ಕೀಲು, ಮಡಚಿದರೆ ಹುಣಸೆ ಬೀಜ ಒಳಗೇ ಉಳಿಯಬೇಕು. ಗುಳಿಯ ತಳ ನುಣ್ಣಗೆ ಬರಲು ಮರ ಕೊರೆಯುವ ರೌಟರ್ ಯಂತ್ರಕ್ಕೆ ಗುಂಡು ಮೂತಿಯ ಬಿಟ್ ಬೇಕು. ಯಾರಾದರೂ ಹಲಸಿನಲ್ಲಿ ಗುಳಿ ತೆಗೆದಿದ್ದರೆ ಒಂದೇ ಸಲಕ್ಕೆ ಎಷ್ಟು ಆಳ ಇಳಿಸುತ್ತೀರಿ, ಹೇಳಿ.

ನಾಳೆ ಎರಡನೇ ಚೌಕಟ್ಟು. ಎಲ್ಲ ತೂತೂ ತೆಳು ಹಲಗೆಗೇ, ಪೆನ್ಸಿಲ್‌ನಲ್ಲಿ ಗುರುತು ಹಾಕಿಟ್ಟಿದ್ದೇನೆ. ಮದುವೆ ಕಾಗದದ ತುಂಡುಗಳನ್ನು ಜಿಗ್ ಡಬ್ಬಿಯೊಳಗೆ ಇಟ್ಟಾಯಿತು.