ತುಂಗಭದ್ರೆಯ ಹೂಳಿಗೆ ಲಾರಿ ಲೆಕ್ಕ

ಬೇಸಿಗೆ ಬಂತೆಂದರೆ ನಮ್ಮ ಮರಿಯಮ್ಮನಹಳ್ಳಿ ಕಡೆ ಒಂದೇ ಮಾತು: ಡ್ಯಾಮಿನ ಹೂಳು ತೆಗೆಸಬೇಕು. ನನಗೂ ಆ ಆಸೆ ಇದೆ. ಅಜ್ಜನ ಊರು ನಾರಾಯಣದೇವರಕೆರೆ ಮುಳುಗಿದ್ದು ಇದೇ ನೀರಿನಲ್ಲಿ. ಊರಂತೂ ಹೋಯಿತು, ಆ ಜಾಗದಲ್ಲಿ ನೀರಾದರೂ ಪೂರ್ತಿ ನಿಲ್ಲಲಿ ಅನ್ನಿಸುತ್ತದೆ, ಅಲ್ವಾ? ಆದರೆ ಕೂತು ಲೆಕ್ಕ ಹಾಕಿದರೆ ಎದೆ ಧಸಕ್ಕೆನ್ನುತ್ತದೆ.

1953ರಲ್ಲಿ ನೀರು ನಿಲ್ಲಿಸಿದಾಗ ತುಂಗಭದ್ರಾ ಜಲಾಶಯ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. 2016ರ ಸರ್ವೆಯಲ್ಲಿ 105.79 ಟಿಎಂಸಿಗೆ ಇಳಿದಿತ್ತು. ಉಳಿದ 27 ಟಿಎಂಸಿ ಜಾಗದಲ್ಲಿ ಮಣ್ಣು ಕೂತಿದೆ. ಒಂದು ಟಿಎಂಸಿಗೆ 2.83 ಕೋಟಿ ಘನ ಮೀಟರ್. ಒಂದು ಲಾರಿಗೆ ಹತ್ತು ಘನ ಮೀಟರ್ ಹಿಡಿದರೂ ಒಟ್ಟು ಏಳೂವರೆ ಕೋಟಿ ಲಾರಿ ಲೋಡು! ದಿನಕ್ಕೆ ಸಾವಿರ ಲಾರಿ ಓಡಿಸಿದರೆ ಇನ್ನೂರು ವರ್ಷ ಬೇಕು. ಅಷ್ಟರಲ್ಲಿ ಹೊಸ ಹೂಳು ಸುಮ್ನೆ ಕೂರುತ್ತದೆಯೇ? ಈ 63 ವರ್ಷದ ಸರಾಸರಿ ತೆಗೆದರೆ, ಹೊಸದಾಗಿ ಬರುವುದನ್ನು ಎತ್ತುವುದಕ್ಕೇ ದಿನಕ್ಕೆ ಮೂರು ಸಾವಿರಕ್ಕೂ ಜಾಸ್ತಿ ಲಾರಿ ಬೇಕು. 2017ರ ಬೇಸಿಗೆಯಲ್ಲಿ ರೈತರು ತಾವೇ ದುಡ್ಡು ಹಾಕಿ ಹೂಳೆತ್ತಲು ಇಳಿದರು. ಅವರ ಬಗ್ಗೆ ನನಗೆ ತುಂಬಾ ಗೌರವ. ಆದರೆ ಈ ಹೊರೆಯನ್ನು ಅವರ ಹೆಗಲಿಗೆ ಹಾಕಿ ನಾವು ಕೈಕಟ್ಟಿ ಕೂರುವುದು ನ್ಯಾಯವಲ್ಲ.

ಹಾಗಾದರೆ ಈ ಮಣ್ಣು ಎಲ್ಲಿಯದು? ನಮ್ಮಲ್ಲಿ ತುಂಬಾ ಜನ ಸಂಡೂರಿನ ಗಣಿಗಳತ್ತ ಬೆರಳು ತೋರಿಸುತ್ತಾರೆ. ಆ ಗುಡ್ಡಗಳ ಪಶ್ಚಿಮದ ಇಳಿಜಾರಿನಿಂದ ಡ್ಯಾಮಿನ ಕಡೆ ಕೆಂಪು ನೀರು ಬರುವುದು ನಿಜ. ಆದರೆ ಸಂಡೂರು ಕಣಿವೆಯ ನಾರಿಹಳ್ಳ ದರೋಜಿ ಕೆರೆಯ ಕಡೆಗೆ ಹರಿಯುತ್ತದೆ, ಡ್ಯಾಮಿಗಲ್ಲ. ಇನ್ನು ಭದ್ರೆ ತರುವ ಮಣ್ಣನ್ನು ಲಕ್ಕವಳ್ಳಿಯ ಅಣೆಕಟ್ಟೇ ಬಹುಪಾಲು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ತುಂಗೆ, ಕುಮುದ್ವತಿ, ವರದೆ ಹರಿಯುವ ಕಡೆ ನೋಡಬೇಕು. ಅಲ್ಲಿನ ಸಾವಿರಾರು ಹೊಲಗಳು, ಹಳ್ಳಗಳು, ಕಡಿದ ಗುಡ್ಡಗಳು.

ಈ ವಿಷಯದಲ್ಲಿ ನನ್ನನ್ನು ಜಾಸ್ತಿ ಕಾಡುವುದು ಮಣ್ಣಿನ ನಿಧಾನ. ಹೊಲ ಬಿಟ್ಟ ಮಣ್ಣೆಲ್ಲ ಅದೇ ವರ್ಷ ಡ್ಯಾಮಿಗೆ ಬರುವುದಿಲ್ಲ. ಒಂದಷ್ಟು ಬದುವಿನ ಬುಡದಲ್ಲೇ ನಿಲ್ಲುತ್ತದೆ. ಒಂದಷ್ಟು ಹಳ್ಳದ ತಿರುವಿನಲ್ಲಿ, ಇನ್ನಷ್ಟು ಕೆರೆಯಲ್ಲಿ. ದೊಡ್ಡ ನೆರೆ ಬಂದಾಗ ನದಿ ಅದನ್ನು ಎತ್ತಿ ದಡದ ಮೇಲೆ ಹರಡಿ ಹೋಗುತ್ತದೆ. ಅಲ್ಲಿ ಹತ್ತು ವರ್ಷವೂ ಇರಬಹುದು, ಸಾವಿರ ವರ್ಷವೂ ಇರಬಹುದು. ಮುಂದೊಂದು ಮಳೆಗಾಲ ನದಿ ಅದೇ ದಡವನ್ನು ಕೊರೆದಾಗ ಮಣ್ಣಿಗೆ ಮತ್ತೆ ಪ್ರಯಾಣ. ಅದೂ ವರ್ಷವಿಡೀ ಅಲ್ಲ. ಮಳೆಗಾಲದ ಕೆಲವೇ ದಿನಗಳ ಪ್ರವಾಹ ವರ್ಷದ ಬಹುಪಾಲು ಮಣ್ಣನ್ನು ಹೊತ್ತು ತರುತ್ತದೆ.

ಗಳಗನಾಥದ ಹತ್ತಿರ ವರದೆ ತುಂಗಭದ್ರೆಗೆ ಸೇರುತ್ತದೆ. ನೆರೆ ಇಳಿದ ಮೇಲೆ ಆ ಕಡೆ ನದಿ ಕೊರೆದ ದಡವನ್ನು ಹತ್ತಿರದಿಂದ ನೋಡಿ. ಕೆಳಗೆ ಗರಸು. ಅದರ ಮೇಲೆ ದಪ್ಪ ಮರಳು. ಮೇಲೆ ಬೆರಳಷ್ಟು ದಪ್ಪದ ಕಪ್ಪು ಜೇಡಿ. ಮತ್ತೆ ಮರಳು, ಮತ್ತೆ ಜೇಡಿ. ನೀರಿನ ಸೆಳೆತ ಜೋರಾಗಿದ್ದಾಗ ಮರಳು ಬಿತ್ತು, ನೀರು ನಿಂತಾಗ ಜೇಡಿ ಕೂತಿತು. ನದಿಯ ಖಾತೆ ಪುಸ್ತಕ ಅದು. ನಡುವೆ ಜಾಲಿ ಬೇರು ಗಾಳಿಯಲ್ಲಿ ನೇತಾಡುತ್ತಿರುತ್ತದೆ. ಕೈಯಿಟ್ಟರೆ ಒಂದು ಹೆಂಟೆ ಕಳಚಿ ನೀರಿಗೆ ಬೀಳುತ್ತದೆ.

ಡ್ಯಾಮಿನೊಳಗೂ ಇದೇ ವಿಂಗಡಣೆ. ನದಿ ಬಂದು ನಿಂತ ನೀರಿಗೆ ಸೇರುತ್ತಲೇ ವೇಗ ಕಳೆದುಕೊಳ್ಳುತ್ತದೆ. ದಪ್ಪ ಮರಳು ಹಿನ್ನೀರಿನ ತಲೆಯಲ್ಲೇ ಇಳಿಯುತ್ತದೆ. ನುಣ್ಣನೆಯ ಜೇಡಿ ಮಾತ್ರ ತೇಲುತ್ತಾ ಗೋಡೆಯ ಹತ್ತಿರದವರೆಗೆ ಬರುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಕಡೆ ನೀರು ಸರಿದಾಗ ಆ ಜೇಡಿ ಅಂಗೈ ಅಗಲಕ್ಕೆ ಬಿರಿದಿರುತ್ತದೆ. ಬೆರಳಲ್ಲಿ ತಿಕ್ಕಿದರೆ ಒಂದು ಕಾಳು ಮರಳು ಸಿಗುವುದಿಲ್ಲ.

ಇದರಿಂದ ಒಂದು ಕಷ್ಟದ ಮಾತು ಒಪ್ಪಿಕೊಳ್ಳಬೇಕು. ಇವತ್ತೇ ಮೇಲಿನ ಊರುಗಳಲ್ಲೆಲ್ಲ ಬದು ಹಾಕಿ, ಗುಡ್ಡಕ್ಕೆ ಗಿಡ ಹಚ್ಚಿದರೂ ಹೂಳು ನಾಳೆಯೇ ನಿಲ್ಲುವುದಿಲ್ಲ. ಹಿಂದೆ ಕೊಚ್ಚಿ ಬಂದದ್ದು ದಾರಿಯುದ್ದಕ್ಕೂ ದಡಗಳಲ್ಲಿ ಕಾಯುತ್ತಿದೆ. ಐದು ವರ್ಷದಲ್ಲಿ ಫಲ ಕಾಣಲಿಲ್ಲ ಅಂತ ಆ ಕೆಲಸ ಕೈಬಿಡಬಾರದು. ಅದನ್ನು ಬಿಟ್ಟರೆ ನಮಗೆ ಬೇರೆ ದಾರಿ ಇಲ್ಲ. ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಹೊಸ ಜಲಾಶಯ ಕಟ್ಟುವ ಮಾತಿದೆ. ಕಟ್ಟಲಿ. ಆದರೆ ಮೇಲಿನಿಂದ ಮಣ್ಣು ಹೀಗೇ ಬರುತ್ತಿದ್ದರೆ ಇರುವ ಡ್ಯಾಮು ಇನ್ನೂ ಕುಗ್ಗುತ್ತಲೇ ಇರುತ್ತದೆ.

ಮಣ್ಣನ್ನು ದಾರಿಯಲ್ಲೇ ಹಿಡಿಯುವ ಹಾವೇರಿ, ಶಿವಮೊಗ್ಗದ ಕೆರೆಗಳ ಹೂಳನ್ನು ಬೇಸಿಗೆಯಲ್ಲಿ ಎತ್ತಿ ಹೊಲಕ್ಕೆ ಹಾಕಿಸುವುದಕ್ಕೆ ಸರ್ಕಾರ ಮೊದಲು ದುಡ್ಡು ಇಡಲಿ. ಅಲ್ಲಿ ಲಾರಿ ಬೇಡ, ಊರಿನ ಟ್ರ್ಯಾಕ್ಟರ್ ಸಾಕು. ಮಣ್ಣು ಹೋಗಬೇಕಾದ ಹೊಲ ಕೆರೆಯ ಪಕ್ಕದಲ್ಲೇ ಇರುತ್ತದೆ.