ಬ್ಯಾಟನ್ ಬಿದ್ದ ದಿನ

ಬ್ಯಾಟನ್ ಬಿದ್ದ ಸದ್ದು ಗ್ಯಾಲರಿಯಲ್ಲಿ ಕೂತಿದ್ದ ನನಗೆ ಕೇಳಿಸಲೇ ಇಲ್ಲ. ಕಂಡದ್ದು ಇಷ್ಟೇ. ಹಳದಿ ಬಣ್ಣದ ಪುಟ್ಟ ಕೊಳವೆ ಟ್ರ್ಯಾಕಿನ ಮೇಲೆ ಎರಡು ಸಲ ಪುಟಿದು ಉರುಳಿತು, ಅದರ ಹಿಂದೆ ನನ್ನ ಮಗ ಬಗ್ಗಿದ. ಎತ್ತಿ ಕೊಡುವಷ್ಟರಲ್ಲಿ ಉಳಿದ ತಂಡಗಳೆಲ್ಲ ಮುಂದೆ ಹೋಗಿಯಾಗಿತ್ತು. ಅಲ್ಲಿಯವರೆಗೆ ಎರಡನೇ ಸ್ಥಾನದಲ್ಲಿದ್ದವರು ಕೊನೆಯವರಾಗಿ ಗೆರೆ ಮುಟ್ಟಿದರು.

ನಾಲ್ವರು ಬ್ಯಾಟನ್ ಕೈ ಬದಲಾಯಿಸುತ್ತಾ ತಲಾ 100 ಮೀಟರ್ ಓಡುವ 4×100 ಮೀಟರ್ ರಿಲೇಯಲ್ಲಿ, ಕಾಲೇಜು ತಂಡಕ್ಕೆ ಅವನು ಮೂರನೆಯವನು. ತಿರುವಿನಲ್ಲಿ ಓಡಿ ಬಂದು ಕೊನೆಯವನ ಕೈಗೆ ಬ್ಯಾಟನ್ ಕೊಡಬೇಕು. ಓಟ ಮುಗಿದ ಮೇಲೆ ಅಲ್ಲೇ ಅಂಚಿನಲ್ಲಿ ಕೂತ. ಒಂದು ಕಾಲಿನ ಸ್ಪೈಕ್ಸ್ ಬಿಚ್ಚಿದ, ಇನ್ನೊಂದರ ಲೇಸಿಗೆ ಕೈ ಹಾಕಿದವನು ಹಾಗೇ ಕೂತುಬಿಟ್ಟ. ತುಂಬಾ ಹೊತ್ತು. ಕೆಳಗೆ ಓಡಿ ಹೋಗಿ ತಬ್ಬಿಕೊಳ್ಳಬೇಕು ಅನಿಸಿತು. ಆದರೆ ಅಷ್ಟರಲ್ಲಿ ಅವನ ಮೂವರು ಗೆಳೆಯರು ಬಂದು ಸುತ್ತ ನಿಂತರು, ಒಬ್ಬ ಅವನ ತಲೆ ಮೇಲೆ ಕೈ ಇಟ್ಟ. ಈಗ ನಾನು ಬೇಡ ಅಂದುಕೊಂಡು ಕೂತಲ್ಲೇ ಕೂತೆ.

ವಾಪಸ್ ಬರುವಾಗ ಕಾರಿನಲ್ಲಿ ಇಬ್ಬರೂ ಮಾತಾಡಲಿಲ್ಲ. "ಹೋಗ್ಲಿ ಬಿಡೋ, ಆಟ ಅಂದ್ಮೇಲೆ ಸೋಲು ಗೆಲುವು ಇದ್ದದ್ದೇ" ಅನ್ನೋ ಮಾತು ನಾಲಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಎಲ್ಲ ಅಪ್ಪಂದಿರೂ ಹೇಳುವ ಮಾತೇ ಅದು, ಒಳ್ಳೆ ಮನಸ್ಸಿನಿಂದಲೇ ಹೇಳುತ್ತೇವೆ. ಆದರೆ ಎಂಟು ತಿಂಗಳು ಬೆಳಗ್ಗೆ ಐದಕ್ಕೆ ಎದ್ದು, ಮೀನಖಂಡ ಹಿಡಿದುಕೊಂಡ ದಿನವೂ ಬಿಡದೆ ಮೈದಾನಕ್ಕೆ ಹೋದ ಹುಡುಗನಿಗೆ 'ಹೋಗ್ಲಿ ಬಿಡು' ಅಂದರೆ, ಆ ಎಂಟು ತಿಂಗಳನ್ನೂ ಹೋಗ್ಲಿ ಬಿಡು ಅಂದ ಹಾಗಾಯ್ತು ಅಲ್ವಾ? ಅವನಿಗೆ ನೋವಾಗಿದೆ. ಆಗಲಿ ಅಂತ ಸುಮ್ನೆ ಗಾಡಿ ಓಡಿಸಿದೆ.

ಅರ್ಧ ದಾರಿ ಬಂದ ಮೇಲೆ ಅವನೇ ಬಾಯಿಬಿಟ್ಟ. "ಅಪ್ಪಾ, ನಾನೊಬ್ಬನೇ ಓಡಿ ಸೋತಿದ್ರೆ ಇಷ್ಟು ಬೇಜಾರಾಗ್ತಿರಲಿಲ್ಲ. ನನ್ನಿಂದ ಅವರು ಮೂರು ಜನಾನೂ ಸೋತ್ರು."

"ನಿನ್ನ ತಪ್ಪಲ್ಲ" ಅಂತ ಹೇಳಬಹುದಿತ್ತು. ಹೇಳಲಿಲ್ಲ. ಅದರಲ್ಲಿ ತನ್ನ ಪಾಲೂ ಇದೆ ಅಂತ ಅವನಿಗೆ ಚೆನ್ನಾಗಿ ಗೊತ್ತು. ಇವತ್ತು ಸುಳ್ಳು ಸಮಾಧಾನ ಹೇಳಿದರೆ ನಾಳೆ ನಾನು ನಿಜವಾಗಿ ಮೆಚ್ಚಿ ಹೇಳಿದಾಗಲೂ ಅವನು ನಂಬುವುದಿಲ್ಲ. "ಏನಾಯ್ತು ಹೇಳು" ಅಂತ ಮಾತ್ರ ಕೇಳಿದೆ.

ಹೇಳಿದ. ಬ್ಯಾಟನ್ ಕೈ ಬದಲಾಗಲು ಇರುವ ಜಾಗ ಬರೀ 30 ಮೀಟರ್, ಅದನ್ನು ದಾಟಿದರೆ ತಂಡವೇ ಔಟ್. ಮುಂದೆ ನಿಂತವನು ಮೊದಲೇ ಹೆಜ್ಜೆ ಅಳೆದು ಟ್ರ್ಯಾಕಿಗೆ ಟೇಪ್ ಅಂಟಿಸಿರುತ್ತಾನೆ, ಹಿಂದಿನಿಂದ ಬರುವವನು ಆ ಟೇಪ್ ಮುಟ್ಟಿದ ತಕ್ಷಣ ಇವನು ಹೊರಟುಬಿಡಬೇಕು, ಹೊರಟ ಮೇಲೆ ತಿರುಗಿ ನೋಡುವುದಿಲ್ಲ, ನೋಡಿದರೆ ವೇಗ ಹೋಗುತ್ತದೆ. ಹಿಂದಿನವನು "ಹ್ಯಾಂಡ್" ಅಂತ ಕೂಗಿದಾಗ ಕೈ ಹಿಂದಕ್ಕೆ ಬರಬೇಕು, ಬ್ಯಾಟನ್ ಆ ಅಂಗೈಯಲ್ಲಿ ಕೂರಬೇಕು. ಎಲ್ಲ ಸೇರಿ ಮೂರು ನಾಲ್ಕು ಸೆಕೆಂಡಿನ ಕೆಲಸ. ಇವನು ಆವತ್ತು ತಿರುವಿನ ಶುರುವಿನಲ್ಲೇ ಇದ್ದ ಶಕ್ತಿಯೆಲ್ಲ ಹಾಕಿದ್ದ, ಕೊನೆಗೆ ಕಾಲು ಬಿಗಿಯಿತು, ಗೆಳೆಯ ಕೈ ಮೀರಿ ಹೋಗ್ತಾನೆ ಅನ್ನೋ ಭಯಕ್ಕೆ ದೂರ ಇರುವಾಗಲೇ ಕೂಗಿದ. ಕೈ ಬಂತು. ಇವನು ಚಾಚಿದ. ಬ್ಯಾಟನ್ ಅಂಗೈ ಸೇರುವ ಬದಲು ಬೆರಳ ತುದಿಗೆ ತಗುಲಿತು.

"ಅವನು ಹಿಡಿದ ಅಂದ್ಕೊಂಡು ಬಿಟ್ಟೆ, ಅಪ್ಪಾ" ಅಂದ. ಕಿಟಕಿ ಕಡೆ ತಿರುಗಿಕೊಂಡ. ತೊಡೆ ಮೇಲಿದ್ದ ಬಲಗೈ ಮುಷ್ಟಿ ಮಾತ್ರ ಇನ್ನೂ ಬಿಗಿಯಾಗೇ ಇತ್ತು.

ಆಗ ಅವನಿಗೆ ಅಮೆರಿಕದ ಓಟಗಾರ್ತಿ ಲಾರಿನ್ ವಿಲಿಯಮ್ಸ್ ವಿಷಯ ಹೇಳಿದೆ. 2004ರ ಅಥೆನ್ಸ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಮೇರಿಯನ್ ಜೋನ್ಸ್ ಕೈಯಿಂದ ಆಕೆಗೆ ಬ್ಯಾಟನ್ ಗೆರೆಯೊಳಗೆ ಸಿಗಲಿಲ್ಲ, ತಂಡ ಔಟ್. ನಾಲ್ಕು ವರ್ಷ ಕಾದು 2008ರಲ್ಲಿ ಬೀಜಿಂಗ್‌ಗೆ ಬಂದರೆ, ಫೈನಲ್‌ಗೂ ಮೊದಲಿನ ಸುತ್ತಾದ ಹೀಟ್ಸ್‌ನಲ್ಲೇ ಟೋರಿ ಎಡ್ವರ್ಡ್ಸ್‌ಗೂ ಆಕೆಗೂ ಮಧ್ಯೆ ಬ್ಯಾಟನ್ ನೆಲಕ್ಕೆ ಬಿತ್ತು. ಅದೂ ಇವನು ಬೀಳಿಸಿದ ಆ ಕೊನೆಯ ಬದಲಾವಣೆಯಲ್ಲೇ. ಅದೇ ಸಂಜೆ ಅಮೆರಿಕದ ಗಂಡಸರ ತಂಡವೂ ಅದೇ ಜಾಗದಲ್ಲಿ ಬೀಳಿಸಿತು. ಲಾರಿನ್ ಮಾತ್ರ ಹಿಂದಕ್ಕೆ ಹೋಗಿ ತನ್ನ ತಂಡದ ಬ್ಯಾಟನ್ ಎತ್ತಿಕೊಂಡು ಕೊನೆಯವರೆಗೂ ಓಡಿದಳು. 2012ರ ಲಂಡನ್‌ನಲ್ಲಿ ಹೀಟ್ಸ್‌ನ ಕೊನೆಯ ಓಟ ಮತ್ತೆ ಆಕೆಯದೇ, ಈ ಸಲ ಬ್ಯಾಟನ್ ಬಂತು. ಫೈನಲ್‌ನಲ್ಲಿ ಆ ಜಾಗದಲ್ಲಿ ಕಾರ್ಮೆಲಿಟಾ ಜೀಟರ್ ಓಡಿದಳು, ತಂಡ 40.82 ಸೆಕೆಂಡಿನಲ್ಲಿ ಮುಗಿಸಿ 1985ರಿಂದ ಇದ್ದ ವಿಶ್ವದಾಖಲೆ ಮುರಿಯಿತು. ಹೀಟ್ಸ್ ಓಡಿದವರಿಗೂ ಪದಕ ಇರುತ್ತದೆ, ಹಾಗಾಗಿ ಲಾರಿನ್ ಕೊರಳಿಗೂ ಚಿನ್ನ ಬಂತು.

"ಎಂಟು ವರ್ಷ" ಅಂದ ಮಗ.

"ಹೂಂ, ಎಂಟು ವರ್ಷ. ಆದ್ರೆ ಕಂದ, ನಂಗೆ ಆ ಚಿನ್ನ ಅಷ್ಟು ಕಾಣ್ಸಲ್ಲ. ಎರಡು ಒಲಿಂಪಿಕ್ಸ್‌ನಲ್ಲಿ ಹಾಗಾದ್ಮೇಲೂ ಅದೇ ಜಾಗಕ್ಕೆ ಹೋಗಿ ಬೆನ್ನು ಮಾಡಿ ನಿಂತು, ಕೈ ಹಿಂದಕ್ಕೆ ಚಾಚಿದ್ಲಲ್ಲ, ಅದೇ ಕಾಣ್ಸುತ್ತೆ."

ಅವನು ಏನೂ ಹೇಳಲಿಲ್ಲ. ನಾನೂ ಮುಂದುವರಿಸಲಿಲ್ಲ. ಆವತ್ತು ರಾತ್ರಿ ಅವನ ಕೋಣೆಯ ದೀಪ ತುಂಬಾ ಹೊತ್ತು ಉರಿಯುತ್ತಿತ್ತು, ಒಳಗೆ ಹೋಗಬೇಕು ಅನಿಸಿ ಎರಡು ಸಲ ಬಾಗಿಲವರೆಗೆ ಹೋಗಿ ಬಂದೆ.

ಓಟದ ವಿಡಿಯೋ ನನ್ನ ಫೋನಿನಲ್ಲೇ ಇತ್ತು. ಮಕ್ಕಳು ಸೋತ ದಿನವೇ ಅದನ್ನು ಮುಂದೆ ಹಿಡಿಯಬೇಡಿ, ಬೇರೆ ಅಪ್ಪಂದಿರನ್ನು ಇಷ್ಟು ಕೇಳಿಕೊಳ್ಳುತ್ತೇನೆ. ಇವನು ತಾನಾಗಿ ಕೇಳಿದ್ದು ಮೂರನೇ ದಿನ. ಐದಾರು ಸಲ ನೋಡಿದ, ನಿಲ್ಲಿಸಿ ನಿಲ್ಲಿಸಿ ನೋಡಿದ. ಆಮೇಲೆ ನಾಲ್ಕನೇ ಓಟಗಾರನಿಗೆ ಫೋನ್ ಮಾಡಿದ. "ಟೇಪ್ ಅರ್ಧ ಹೆಜ್ಜೆ ಹತ್ರ ತರೋಣ, ನಾನೂ ಬೇಗ ಕೂಗಲ್ಲ" ಅಂತಿದ್ದ. ಕಡೆಗೆ "ಸಾರಿ ಮಗಾ" ಅಂದ. ಆ ಕಡೆಯವನು ಏನಂದನೋ, ಇವನು ನಕ್ಕ. ಮೂರು ದಿನದಲ್ಲಿ ಮೊದಲ ಸಲ.

ಸಂಜೆ ಅಭ್ಯಾಸದ ಬ್ಯಾಟನ್ ಹಿಡಿದು ನನ್ನ ಹತ್ತಿರ ಬಂದ. "ಅಪ್ಪಾ, ಸ್ವಲ್ಪ ಮುಂದೆ ನಿಲ್ತೀಯಾ?"

ನಿಂತೆ. ಎಡಗೈ, ಹೆಬ್ಬೆರಳು ಅಗಲ, ಅಂಗೈ ಅವನ ಕಡೆಗೆ. ಮೆಲ್ಲಗೆ ನಡೆಯಲು ಹೇಳಿದ. ಹಿಂದಿನಿಂದ ಹೆಜ್ಜೆ ಸದ್ದು ಹತ್ತಿರವಾಯಿತು. "ಹ್ಯಾಂಡ್." ಕೈ ಹಿಂದಕ್ಕೆ ಹಾಕಿದೆ, ತಣ್ಣಗಿನ ಕೊಳವೆ ಅಂಗೈ ಮಧ್ಯಕ್ಕೆ ಬಂದು ಬಡಿಯಿತು. ಅವನ ಮುಖ ಹೇಗಿದೆ ನೋಡಬೇಕು ಅನ್ನೋ ಆಸೆಗೆ ತಿರುಗಿಬಿಟ್ಟೆ.

"ತಿರುಗಬಾರ್ದು ಅಪ್ಪಾ. ಇನ್ನೊಂದ್ಸಲ."

ಬ್ಯಾಟನ್ ಅವನ ಕೈಗೆ ಕೊಟ್ಟು ಮತ್ತೆ ಮುಂದೆ ಹೋಗಿ ನಿಂತೆ.